ನಕಲು ಮಾಡುವ ಕೈಯನ್ನು ನಂಬದ ಗ್ರೇಸ್ ಹಾಪರ್

ಗ್ರೇಸ್ ಹಾಪರ್ ಹೆಸರು ಬಂದರೆ ಸಾಕು, ಎಲ್ಲರೂ 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಯಂತ್ರದಲ್ಲಿ ಸಿಕ್ಕ ಪತಂಗದ ಕತೆ ಹೇಳುತ್ತಾರೆ. ಅದನ್ನು ಹಿಡಿದದ್ದು ಅವರಲ್ಲ, ಬಿಡಿ. ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಅವರು ಮುಖ್ಯ ಅನ್ನಿಸೋದು ಬೇರೆ ಕಾರಣಕ್ಕೆ. ಬರೆದದ್ದನ್ನೇ ಮತ್ತೆ ಮತ್ತೆ ಬರೆಯುವ ಅಪಾಯವನ್ನು ಬಹಳ ಬೇಗ ಕಂಡುಕೊಂಡವರಲ್ಲಿ ಅವರೂ ಒಬ್ಬರು.

ಹುಟ್ಟಿದ್ದು 1906ರಲ್ಲಿ, ನ್ಯೂಯಾರ್ಕ್‌ನಲ್ಲಿ. 1934ರಲ್ಲಿ ಯೇಲ್‌ನಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದು, ವಸ್ಸಾರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆ ಸೇರಿದರು. 1944ರಲ್ಲಿ ಅವರನ್ನು ಕಳಿಸಿದ್ದು ಹಾರ್ವರ್ಡ್‌ಗೆ, 51 ಅಡಿ ಉದ್ದದ ಮಾರ್ಕ್ 1 ಯಂತ್ರದ ಬಳಿಗೆ.

ಅಲ್ಲಿ ಸೈನ್ ಲೆಕ್ಕದ ಕೋಡ್ ಬೇಕಾದರೆ ಪಕ್ಕದವರ ನೋಟ್‌ಬುಕ್ ಕೇಳಿ ತಂದು, ಕೈಯಲ್ಲೇ ನಕಲು ಮಾಡಿಕೊಳ್ಳಬೇಕಿತ್ತು. ಪ್ರತಿ ಪ್ರೋಗ್ರಾಮ್‌ನಲ್ಲೂ ಆ ತುಣುಕು ಬೇರೆ ಜಾಗದಲ್ಲಿ ಕೂರುವುದರಿಂದ ಅದರೊಳಗಿನ ವಿಳಾಸಗಳನ್ನೆಲ್ಲ ಕೂಡಿ ಬದಲಿಸಬೇಕು. ಗಣಿತ ಓದಿದವರೇ ಕೂಡುವಾಗ ಎಡವುತ್ತಿದ್ದರು. ನಕಲಿನಲ್ಲಿ ಬಿ ಅಕ್ಷರ 13 ಆಗಿಬಿಡುತ್ತಿತ್ತು. ಮೂಲ ಸರಿಯಿದ್ದರೂ ಪ್ರತಿ ತಪ್ಪು.

1949ರಲ್ಲಿ ಯುನಿವ್ಯಾಕ್ ತಯಾರಿಸುತ್ತಿದ್ದ ಕಂಪನಿ ಸೇರಿದ ಹಾಪರ್ ಇದಕ್ಕೊಂದು ದಾರಿ ಹುಡುಕಿದರು. ಪರೀಕ್ಷಿಸಿದ ತುಣುಕುಗಳನ್ನು ಟೇಪಿನಲ್ಲಿಟ್ಟು, ಒಂದೊಂದಕ್ಕೂ ಒಂದು ಗುರುತು ಕೊಟ್ಟರು. ಗುರುತು ಹೇಳಿದರಾಯ್ತು, ತುಣುಕು ಹುಡುಕಿ, ವಿಳಾಸ ಸರಿಪಡಿಸಿ, ಜೋಡಿಸುವ ಕೆಲಸ ಯಂತ್ರದ್ದು. 1952ರ ಈ ಎ-ಝೀರೋ ಕಂಪೈಲರನ್ನು ಮೊದಲಿಗೆ ಹಲವರು ನಂಬಲೇ ಇಲ್ಲ. ಯಂತ್ರ ಲೆಕ್ಕ ಮಾಡೀತೇ ಹೊರತು ಪ್ರೋಗ್ರಾಮ್ ಬರೆದೀತೇ ಅನ್ನೋದು ಅವರ ಅನುಮಾನ. ಆಮೇಲೆ ಫ್ಲೋ-ಮ್ಯಾಟಿಕ್ ಬಂತು. ಅದರ ನೆರಳಿನಲ್ಲೇ 1959ರಲ್ಲಿ ಕೋಬಾಲ್ ರೂಪುಗೊಂಡಿತು. 1986ರಲ್ಲಿ, 79ರ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ಈಗ ನಕಲು ಮಾಡುವಾಗ ಒಂದಕ್ಷರವೂ ತಪ್ಪುವುದಿಲ್ಲ, ಎರಡು ಕೀ ಒತ್ತಿದರೆ ಮುಗೀತು. ಹಾಗಂತ ಅಪಾಯ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೇ. ಬಡ್ಡಿ ಲೆಕ್ಕದ ಕೋಡ್ ಐದು ಕಡೆ ಇದೆ ಅಂದುಕೊಳ್ಳಿ. ನಿಯಮ ಬದಲಾದ ದಿನ ನಾಲ್ಕು ಕಡೆ ತಿದ್ದುತ್ತೇವೆ. ಐದನೆಯದು ಸುಮ್ಮನೆ ಹಳೇ ಬಡ್ಡಿಯನ್ನೇ ಹಾಕುತ್ತಿರುತ್ತದೆ, ಕಟ್ಟುವವರು ಗ್ರಾಹಕರು. ಕೇಳಿದ್ದಕ್ಕೆಲ್ಲ ಕ್ಷಣದಲ್ಲಿ ಕೋಡ್ ಬರೆದುಕೊಡುವ ಎಐ ಬಂದಮೇಲೆ, ಇರುವುದನ್ನು ಹುಡುಕುವ ತಾಳ್ಮೆ ಇನ್ನೂ ಕಮ್ಮಿಯಾಗಿದೆ. ಹೊಸದಾಗಿ ಬರೆಸುವ ಮುನ್ನ, ಇದು ನಮ್ಮಲ್ಲಿ ಈಗಾಗಲೇ ಇದೆಯಾ ಅಂತ ಒಮ್ಮೆ ನೋಡುವುದು ಹಾಪರ್ ಕಾಲದಷ್ಟೇ ಇವತ್ತಿಗೂ ಬೇಕಾದ ಕೆಲಸ.