ಬಡ ಮಕ್ಕಳ ಪರವಾಗಿ ರುಜು ಹಾಕಿದ ಸಂತರು



ಪ್ರತಿ ವರ್ಷ ಜನವರಿ 31ರಂದು ಧರ್ಮಸಭೆಯು ಸಂತ ಜಾನ್ ಬೋಸ್ಕೊರವರ ಹಬ್ಬವನ್ನು ಆಚರಿಸುತ್ತದೆ. ಮಕ್ಕಳು ಸುತ್ತುವರಿದು ನಿಂತಿರುವ ಆ ನಗುಮುಖದ ಗುರುಗಳ ಚಿತ್ರವನ್ನು ನೀವು ಶಾಲೆಗಳಲ್ಲಿ, ದೇವಾಲಯಗಳಲ್ಲಿ ನೋಡಿಯೇ ಇರುತ್ತೀರಿ. ಆದರೆ ಅವರ ಸುತ್ತ ನೆರೆದ ಆ ಮಕ್ಕಳು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ? ಅವರಲ್ಲಿ ಅನೇಕರು ಹೊಟ್ಟೆಪಾಡಿಗಾಗಿ ಸುಣ್ಣ, ಇಟ್ಟಿಗೆ ಹೊತ್ತು ಎತ್ತರದ ಸಾರವೆ ಏರುತ್ತಿದ್ದ ಕೂಲಿ ಮಕ್ಕಳು.

ಜಾನ್‌ರವರು ಕೂಡ ಬಾಲ್ಯದಲ್ಲಿ ಕೂಲಿಗೆ ಹೋದವರೇ. ಅವರು ಹುಟ್ಟಿದ್ದು 1815ರ ಆಗಸ್ಟ್ 16ರಂದು, ಇಟಲಿಯ ಪಿಯೆಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸಾದ ಅತ್ತೆ, ಮೂವರು ಗಂಡುಮಕ್ಕಳು, ಇಷ್ಟೂ ಜನರ ಭಾರ ತಾಯಿ ಮಾರ್ಗರಿಟರ ಹೆಗಲಿಗೆ ಬಿತ್ತು. ಜಾನ್‌ಗೆ ಓದುವ ಆಸೆ. ಮಲತಾಯಿಯ ಕೈಯಲ್ಲಿ ಬೆಳೆದ ಹಿರಿಯಣ್ಣ ಆಂತೋನಿಗೆ ಹೊಲದ ಚಿಂತೆ. ತಮ್ಮ ಪುಸ್ತಕ ಹಿಡಿದಾಗಲೆಲ್ಲ ಮನೆಯಲ್ಲಿ ಜಗಳ. ಕೊನೆಗೆ 1828ರ ಚಳಿಗಾಲದಲ್ಲಿ, 12 ವರ್ಷದ ಮಗನನ್ನು ಆ ತಾಯಿ ಪರರ ಮನೆಯ ಕೆಲಸಕ್ಕೆ ಕಳುಹಿಸಬೇಕಾಯಿತು. ಮೋಲ್ಯ ಎಂಬ ರೈತ ಕುಟುಂಬದಲ್ಲಿ ಆ ಹುಡುಗ ಸುಮಾರು ಎರಡು ವರ್ಷ ದನ ಮೇಯಿಸುತ್ತಾ ದುಡಿದ. ಮುಂದೆ ಕಿಯೇರಿ ಪಟ್ಟಣದಲ್ಲಿ ಓದುವಾಗಲೂ ಕಾಫಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾ, ತಿಂಡಿ ಬೇಯಿಸುವ ಒಲೆಯ ಮೇಲಿನ ಇಕ್ಕಟ್ಟಾದ ಜಾಗದಲ್ಲಿ ಮಲಗುತ್ತಿದ್ದ.

ಇಲ್ಲೊಂದು ಮಾತನ್ನು ಗಮನಿಸಿ. ಮಾರ್ಗರಿಟಮ್ಮ ಕಲ್ಲೆದೆಯ ತಾಯಿಯಲ್ಲ. ಬಡತನ ಎಂಥ ಪ್ರೀತಿಯ ತಾಯಿಯ ಕೈಯನ್ನೂ ಕಟ್ಟಿಹಾಕುತ್ತದೆ. ಇದನ್ನು ಮಗ ಕಡೆಯವರೆಗೂ ಮರೆಯಲಿಲ್ಲ.

1841ರ ಜೂನ್ 5ರಂದು ಅವರಿಗೆ ಟ್ಯೂರಿನ್ ನಗರದಲ್ಲಿ ಗುರುದೀಕ್ಷೆಯಾಯಿತು. ಅಂದಿನಿಂದ ಅವರು ಡಾನ್ ಬೋಸ್ಕೊ. ಇಟಲಿಯಲ್ಲಿ ಗುರುಗಳನ್ನು ಡಾನ್ ಎಂದು ಕರೆಯುವುದು ವಾಡಿಕೆ. ಆ ನಗರ ಆಗ ಭರದಿಂದ ಬೆಳೆಯುತ್ತಿತ್ತು. ಬೆಟ್ಟದ ಹಳ್ಳಿಗಳಿಂದ ಬಡ ಹುಡುಗರು ಕೂಲಿ ಅರಸಿ ಬರುತ್ತಿದ್ದರು. ಕೆಲವರು ಗಾರೆಯವರ ಕೈಕೆಳಗೆ ದುಡಿದರೆ, ಕೆಲವರು ಹೊಗೆಗೂಡಿನೊಳಗೆ ಇಳಿದು ಮಸಿ ಕೆರೆಯುತ್ತಿದ್ದರು. ಕೆಲಸ ತಪ್ಪಿದರೆ ಬೀದಿ, ಬೀದಿಯಿಂದ ಸೆರೆಮನೆ. ಸಂತ ಜೋಸೆಫ್ ಕಫಾಸೊರವರ ಜೊತೆ ಸೆರೆಮನೆಗಳಿಗೆ ಭೇಟಿಕೊಟ್ಟಾಗ, ಕಂಬಿಗಳ ಹಿಂದೆ ಎಳೆಯ ಹುಡುಗರನ್ನು ಕಂಡು ಡಾನ್ ಬೋಸ್ಕೊರವರ ಕರುಳು ಕಿತ್ತು ಬಂತು.

ಅದೇ ವರ್ಷ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಬಲಿಪೂಜೆಗೆ ಸೇವೆ ಮಾಡಲು ಬಾರದೆಂದು ದೇವಾಲಯದ ಸೇವಕನು ಬಡಿದಟ್ಟಿದ ಒಬ್ಬ ಹುಡುಗನನ್ನು ಅವರು ಮರಳಿ ಕರೆಸಿ ಮಾತನಾಡಿಸಿದರು. ಅವನು ಬಾರ್ತೊಲೊಮಿಯೊ ಗರೆಲ್ಲಿ, 16 ವರ್ಷದ ಅನಾಥ, ಗಾರೆ ಕೆಲಸದವನು. ಅಂದು ಅವನೊಬ್ಬನಿಗೆ ಆರಂಭಿಸಿದ ಧರ್ಮೋಪದೇಶ ಕ್ರಮೇಣ ನೂರಾರು ಮಕ್ಕಳ ಭಾನುವಾರದ ಕೂಟವಾಯಿತು. 1846ರಲ್ಲಿ ವಾಲ್ಡೊಕ್ಕೊ ಎಂಬಲ್ಲಿ ಒಂದು ಕೊಟ್ಟಿಗೆ ಅದಕ್ಕೆ ನೆಲೆಯಾಯಿತು. ಮಗನ ಜೊತೆ ಇರಲು ಮಾರ್ಗರಿಟಮ್ಮ ಹಳ್ಳಿ ಬಿಟ್ಟು ಬಂದರು. ತಮ್ಮ ಮದುವೆಯ ಬಟ್ಟೆ, ಒಡವೆಗಳನ್ನೂ ಆ ಮಕ್ಕಳಿಗಾಗಿ ಸವೆಸಿದರು.

ಭಾನುವಾರದ ಜಪ, ಆಟಗಳಿಗೇ ಅವರು ತೃಪ್ತರಾಗಲಿಲ್ಲ. ವಾರದ ದಿನಗಳಲ್ಲಿ ಕಟ್ಟಡಗಳ ಬಳಿಗೇ ಹೋಗಿ ಹುಡುಗರನ್ನು ವಿಚಾರಿಸಿದರು. ದುಡಿಮೆ ಬಿಡಿ ಎಂದರೆ ಮಕ್ಕಳು ಉಪವಾಸ. ಸುಮ್ಮನಿದ್ದರೆ ಪೆಟ್ಟು, ಅಪಾಯ. ಆದ್ದರಿಂದ ಅವರು ಯಜಮಾನರನ್ನು ಕೂರಿಸಿ ಕರಾರು ಪತ್ರ ಬರೆಸಿದರು. 1852ರ ಫೆಬ್ರವರಿಯಲ್ಲಿ ಒಬ್ಬ ಬಡಗಿಯೊಂದಿಗೆ ಮಾಡಿಕೊಂಡ ಅಂಥ ಪತ್ರ ಪ್ರಸಿದ್ಧವಾಗಿದೆ. ಹುಡುಗನಿಗೆ ಕಸುಬನ್ನು ಪೂರ್ತಿ ಕಲಿಸಬೇಕು. ತಪ್ಪು ಮಾಡಿದರೆ ಬಾಯಿಮಾತಿನಲ್ಲಿ ತಿದ್ದಬೇಕೇ ಹೊರತು ಹೊಡೆಯಬಾರದು. ಕಸುಬಿಗೆ ಸೇರದ, ವಯಸ್ಸಿಗೆ ಮೀರಿದ ಕೆಲಸ ಹೇಳಬಾರದು. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ಕೂಲಿ ಎಷ್ಟೆಂದು ಮೊದಲೇ ಗೊತ್ತುಮಾಡಬೇಕು. ಹುಡುಗನೂ ವಿಧೇಯನಾಗಿ ಕಲಿಯುವೆನೆಂದು ಒಪ್ಪಬೇಕು. ಯಜಮಾನನ ರುಜುವಿನ ಜೊತೆಗೆ ಡಾನ್ ಬೋಸ್ಕೊರವರ ರುಜುವೂ ಇರುತ್ತಿತ್ತು. ಕೇಳುವವರಿಲ್ಲದ ಮಗುವಿಗೆ ಕೇಳುವವರೊಬ್ಬರು ಸಿಕ್ಕಿದರು!

1853ರಿಂದ ತಮ್ಮಲ್ಲೇ ಚಪ್ಪಲಿ ಹೊಲಿಗೆ, ದರ್ಜಿ ಕೆಲಸ, ಪುಸ್ತಕ ಕಟ್ಟುವುದು, ಮರಗೆಲಸ, ಮುದ್ರಣ ಹೀಗೆ ಒಂದೊಂದೇ ಕಾರ್ಯಾಗಾರ ತೆರೆದರು. 1859ರಲ್ಲಿ ಸಲೇಸಿಯನ್ ಸಭೆಯನ್ನು ಸ್ಥಾಪಿಸಿದರು. 1888ರ ಜನವರಿ 31ರಂದು ದೈವಾಧೀನರಾದರು. 1934ರಲ್ಲಿ ಸಂತ ಪದವಿಗೇರಿದರು. ಅವರ ಸಭೆಯವರು 1906ರಲ್ಲಿ ಭಾರತಕ್ಕೆ ಬಂದರು. ಬೆಂಗಳೂರಿನ ಬೀದಿಮಕ್ಕಳಿಗಾಗಿ 1980ರಲ್ಲಿ ಆರಂಭವಾದ ಬೋಸ್ಕೊ ಸಂಸ್ಥೆಯನ್ನು ನಮ್ಮಲ್ಲಿ ಅನೇಕರು ಬಲ್ಲರು.

ಓದುಗ ಬಂಧುಗಳೇ, ಇದು ಮುಗಿದುಹೋದ ಕಥೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಲೆಕ್ಕದಂತೆ 2024ರಲ್ಲಿ ಜಗತ್ತಿನ ಸುಮಾರು 13.8 ಕೋಟಿ ಮಕ್ಕಳು ದುಡಿಯುತ್ತಿದ್ದರು; ಅವರಲ್ಲಿ 5.4 ಕೋಟಿ ಮಕ್ಕಳದು ಅಪಾಯದ ಕೆಲಸ. ನಮ್ಮ ದೇಶದಲ್ಲಿ 2016ರ ತಿದ್ದುಪಡಿಯ ನಂತರ 14 ತುಂಬದ ಮಕ್ಕಳನ್ನು ಕೂಲಿಗಿಟ್ಟುಕೊಳ್ಳುವುದೂ, 18 ತುಂಬದವರನ್ನು ಗಣಿ, ಸ್ಫೋಟಕಗಳಂಥ ಅಪಾಯದ ಕೆಲಸಕ್ಕೆ ಹಚ್ಚುವುದೂ ಅಪರಾಧ. ನೀವು ಚಹಾ ಕುಡಿಯುವ ಅಂಗಡಿಯಲ್ಲಿ, ನಿಮ್ಮ ಮನೆ ಕಟ್ಟುವ ಜಾಗದಲ್ಲಿ ಅಂಥ ಮಗುವಿದ್ದರೆ ಕಂಡೂ ಕಾಣದಂತೆ ಹೋಗಬೇಡಿ. 1098ಕ್ಕೆ ಕರೆಮಾಡಿ ತಿಳಿಸಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಆ ಮನೆಯಲ್ಲೂ ಒಬ್ಬ ಮಾರ್ಗರಿಟಮ್ಮ ಇರಬಹುದು. ಅವಳನ್ನು ದೂರುವ ಬದಲು ಅವಳ ಮನೆಯ ಅಕ್ಕಿಗೆ, ಮಗುವಿನ ಶಾಲೆಯ ಖರ್ಚಿಗೆ ನಮ್ಮ ಧರ್ಮಕೇಂದ್ರದಿಂದ ಏನು ಮಾಡಬಹುದು ಎಂದು ಈ ಭಾನುವಾರವೇ ನಾಲ್ಕು ಜನ ಸೇರಿ ಮಾತನಾಡಿಕೊಳ್ಳಿ. ಡಾನ್ ಬೋಸ್ಕೊರವರ ಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಕಾಣಿಕೆ ಬೇರೆ ಯಾವುದಿದೆ?