ನಮ್ಮ ನಂಜನಗೂಡಿನ ತಿರುಮಲಾಂಬಾ

ಹೋದ ಸಲ ಈ ಗೋಡೆಪತ್ರಿಕೆಗೆ ನಾನು ಒಗಟು ಬರೆದಿದ್ದೆ. ಈ ಸಲ ಒಬ್ಬರ ಜೀವನ ಬರೆದಿದ್ದೇನೆ. ನಾವೆಲ್ಲ ನಂಜನಗೂಡಿಗೆ ಹೋಗ್ತೀವಿ, ದೊಡ್ಡ ತೇರು ನೋಡ್ತೀವಿ, ರಸಬಾಳೆ ತಿಂತೀವಿ. ಅದೇ ಊರಿನಲ್ಲಿ ತಿರುಮಲಾಂಬಾ ಅನ್ನೋ ಲೇಖಕಿ ಇದ್ದರು ಅಂತ ಕನ್ನಡ ಮೇಡಂ ಹೇಳುವವರೆಗೂ ನನಗೆ ಗೊತ್ತೇ ಇರಲಿಲ್ಲ.

ಅವರು ಹುಟ್ಟಿದ್ದು 1887ರಲ್ಲಿ. ತಂದೆ ವಕೀಲರು. ಹತ್ತನೇ ವಯಸ್ಸಿಗೇ ಮದುವೆ ಮಾಡಿದರು. ಹದಿನಾಲ್ಕಕ್ಕೆ ಗಂಡ ತೀರಿಹೋದರು. ನನಗೀಗ ಹದಿಮೂರು. ಈ ಸಾಲು ಬರೆದ ಮೇಲೆ ನಾನು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಕೂತಿದ್ದೆ. ಆ ಕಾಲದಲ್ಲಿ ಗಂಡ ಸತ್ತ ಹುಡುಗಿ ಮನೆಯೊಳಗೇ ಇರಬೇಕಿತ್ತಂತೆ. ಆದರೆ ಇವರ ತಂದೆ ಮಗಳಿಗೆ ಪುಸ್ತಕ ತಂದುಕೊಟ್ಟರು. ಓದಿ ಓದಿ ಅವರೇ ಬರೆಯೋಕೆ ಶುರು ಮಾಡಿದರು.

1913ರಲ್ಲಿ ಸತೀಹಿತೈಷಿಣೀ ಎಂಬ ಗ್ರಂಥಮಾಲೆ ಆರಂಭಿಸಿದರು. ಅಂದರೆ ಬರೆದದ್ದಷ್ಟೇ ಅಲ್ಲ, ಪುಸ್ತಕ ಅಚ್ಚು ಮಾಡಿಸಿ ಹಂಚಿದ್ದೂ ಅವರೇ! ಸುಶೀಲೆ ಅವರ ಮೊದಲ ಕಾದಂಬರಿ. ಪತ್ತೇದಾರಿ ಕಾದಂಬರಿಯನ್ನೂ ಬರೆದಿದ್ದಾರೆ. (ಅದು ಸಿಕ್ಕರೆ ಮೊದಲು ನಾನೇ ಓದೋದು.) ಆಮೇಲೆ ಕರ್ನಾಟಕ ನಂದಿನಿ ಎಂಬ ಪತ್ರಿಕೆ ನಡೆಸಿದರು. ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠವನ್ನೂ ಹೇಳಿಕೊಡುತ್ತಿದ್ದರು.

ಇಷ್ಟೆಲ್ಲ ಮಾಡಿದವರು ಒಂದು ದಿನ ಬರೆಯೋದನ್ನೇ ಬಿಟ್ಟು ಮದರಾಸಿಗೆ ಹೋಗಿಬಿಟ್ಟರು. ಕನ್ನಡದವರು ಮರೆತೇಬಿಟ್ಟರು. ಅವರು ತೀರಿಹೋಗಿದ್ದಾರೆ ಅಂತಲೇ ಎಷ್ಟೋ ಜನ ತಿಳಿದಿದ್ದರಂತೆ. ಆದರೆ ಅವರು ಅಲ್ಲಿ ಸುಮ್ಮನೆ ಬದುಕಿದ್ದರು! ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಸಿ.ಎನ್. ಮಂಗಳಾ ಅವರನ್ನು ಹುಡುಕಿಕೊಂಡು ಹೋದರು. ಮೈಸೂರಿನ ವಿಜಯಾ ದಬ್ಬೆಯವರೂ ಅವರ ಬಗ್ಗೆ ಬರೆದರು. ಮಂಗಳಾ ಅವರ ಕಾಲೇಜಿನಲ್ಲೇ ಹೆಂಗಸರಿಗೆ ಸಂಬಂಧಪಟ್ಟ ವಸ್ತುಗಳನ್ನು ಕಾಪಾಡಲು ಶಾಶ್ವತಿ ಎಂಬ ಸಂಗ್ರಹಾಲಯ ಆಯಿತು. ತಿರುಮಲಾಂಬಾ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯೂ ಶುರುವಾಯಿತು. ಅವರು ತೀರಿಕೊಂಡದ್ದು 1982ರಲ್ಲಿ. ಹುಡುಕೋರು ಇನ್ನೂ ತಡ ಮಾಡಿದ್ದರೆ ಅವರನ್ನು ಕಂಡು ಮಾತಾಡೋಕೇ ಆಗ್ತಿರಲಿಲ್ಲ.

ಮೇಡಂ ಇದನ್ನೆಲ್ಲ ಹೇಳುವಾಗ ನನಗೆ ನಮ್ಮಜ್ಜಿಯ ಪುಸ್ತಕ ನೆನಪಾಯಿತು. ಅಜ್ಜಿ ಸೋಬಾನೆ ಪದಗಳನ್ನು ಹಳೇ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಯುಗಾದಿಗೆ ಮನೆ ಗುಡಿಸುವಾಗ ಅದನ್ನು ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕಲು ಕಟ್ಟಿಟ್ಟಿದ್ದರು. ನಾನೂ ನೋಡಿ ಸುಮ್ಮನಿದ್ದೆ. ಅವತ್ತು ಸಂಜೆ ಓಡಿಹೋಗಿ ಅಟ್ಟ ಹತ್ತಿ ನೋಡಿದೆ. ಪುಣ್ಯಕ್ಕೆ ಪೇಪರಿನವನು ಇನ್ನೂ ಬಂದಿರಲಿಲ್ಲ. ಆದರೆ ಮುಂದಿನ ಪುಟಗಳೇ ಇಲ್ಲ. ಕೇಳಿದರೆ, ಬೋಂಡದ ಎಣ್ಣೆ ಹೀರಲಿ ಅಂತ ಹರಿದುಕೊಂಡೆ ಅಂದರು ಅಮ್ಮ.

ಹರಿದುಹೋದ ಪದಗಳು ಅಜ್ಜಿಗೆ ಅರ್ಧಂಬರ್ಧ ನೆನಪಿವೆ. ಭಾನುವಾರ ಅವರು ಹಾಡ್ತಾರೆ, ನಾನು ಹೊಸ ನೋಟ್‌ಬುಕ್ಕಿಗೆ ಇಳಿಸ್ತೀನಿ. ಇಲ್ಲಿಯವರೆಗೆ ಹನ್ನೊಂದು ಪದ ಆಗಿವೆ.

– ಏಳನೇ ತರಗತಿ