ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಮತ್ತು ನಂದಗಡದ ಸ್ಮಾರಕ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ನಂದಗಡ ಗ್ರಾಮವು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನವರು ಹುತಾತ್ಮರಾದ ಸ್ಥಳವಾಗಿದೆ. ಸಂದರ್ಶಕರ ಮಾಹಿತಿಗಾಗಿ ಅವರ ಜೀವನ ವೃತ್ತಾಂತವನ್ನು ಸಂಕ್ಷಿಪ್ತವಾಗಿ ಕೆಳಗೆ ನೀಡಲಾಗಿದೆ.

ರಾಯಣ್ಣನವರು ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿ ಗ್ರಾಮದಲ್ಲಿ ಜನಿಸಿದರು. ಅವರ ಜನ್ಮದಿನವನ್ನು ಆಗಸ್ಟ್ 15ರಂದು ಆಚರಿಸಲಾಗುತ್ತದೆ. ಅವರ ಮನೆತನವು ಶೇತಸನದಿ ವೃತ್ತಿಗೆ ಸೇರಿತ್ತು. ಶಾಂತಿಕಾಲದಲ್ಲಿ ಗ್ರಾಮರಕ್ಷಣೆಯನ್ನೂ ಯುದ್ಧಕಾಲದಲ್ಲಿ ಸೈನಿಕಸೇವೆಯನ್ನೂ ಸಲ್ಲಿಸುತ್ತಿದ್ದ ಈ ವೃತ್ತಿಯವರಿಗೆ ಸಂಬಳದ ಬದಲಾಗಿ ಇನಾಮು ಭೂಮಿಯನ್ನು ನೀಡಲಾಗುತ್ತಿತ್ತು.

1824ರಲ್ಲಿ ಕಿತ್ತೂರು ಸಂಸ್ಥಾನದ ಶಿವಲಿಂಗರುದ್ರಸರ್ಜನು ನಿಧನ ಹೊಂದಿದನು. ದತ್ತುಪುತ್ರ ಶಿವಲಿಂಗಪ್ಪನ ಹಕ್ಕನ್ನು ಈಸ್ಟ್ ಇಂಡಿಯಾ ಕಂಪನಿ ಸರ್ಕಾರವು ಮಾನ್ಯ ಮಾಡಲಿಲ್ಲ. ಅದೇ ವರ್ಷ ಅಕ್ಟೋಬರ್ 23ರಂದು ನಡೆದ ಯುದ್ಧದಲ್ಲಿ ರಾಣಿ ಚೆನ್ನಮ್ಮನವರ ಸೈನ್ಯವು ವಿಜಯ ಸಾಧಿಸಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಆದರೆ ಡಿಸೆಂಬರ್ ತಿಂಗಳಲ್ಲಿ ಕೋಟೆಯು ಕಂಪನಿಯ ವಶವಾಯಿತು. ಬೈಲಹೊಂಗಲದಲ್ಲಿ ಬಂಧನದಲ್ಲಿದ್ದ ರಾಣಿಯವರು 1829ರಲ್ಲಿ ನಿಧನರಾದರು.

ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕಿದ್ದ ರಾಯಣ್ಣನವರು ಮುಂದೆ ಬಿಡುಗಡೆ ಹೊಂದಿದರು. ಆದರೆ ಅವರ ಜಮೀನಿನ ಬಹುಭಾಗವನ್ನು ಸರ್ಕಾರವು ಮುಟ್ಟುಗೋಲು ಹಾಕಿಕೊಂಡು, ಉಳಿದ ಭಾಗದ ಮೇಲೆ ಭಾರಿ ಕಂದಾಯವನ್ನು ವಿಧಿಸಿತು. ಇದೇ ಸಂಕಷ್ಟದಲ್ಲಿದ್ದ ಜನಸಾಮಾನ್ಯರನ್ನು ಸಂಘಟಿಸಿದ ರಾಯಣ್ಣನವರು, ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಗೆ ತರುವ ಉದ್ದೇಶದಿಂದ ಗೆರಿಲ್ಲಾ ಹೋರಾಟವನ್ನು ಆರಂಭಿಸಿದರು. 1830ರ ಜನವರಿಯಲ್ಲಿ ಖಾನಾಪುರ ಭಾಗದ ಬೀಡಿಯ ಸರ್ಕಾರಿ ಕಚೇರಿಯು ಅವರ ದಾಳಿಗೆ ಒಳಗಾಯಿತು. ಕಂದಾಯ ಆಡಳಿತವೇ ಅವರ ಹೋರಾಟದ ಮುಖ್ಯ ಗುರಿಯಾಗಿತ್ತು ಎಂಬುದನ್ನು ಇದರಿಂದ ತಿಳಿಯಬಹುದಾಗಿದೆ.

ನೇರ ಯುದ್ಧದಲ್ಲಿ ಸೋಲಿಸಲಾಗದೆ, ಸ್ಥಳೀಯರ ನೆರವಿನಿಂದ 1830ರ ಏಪ್ರಿಲ್‌ನಲ್ಲಿ ಅವರನ್ನು ಮೋಸದಿಂದ ಸೆರೆಹಿಡಿಯಲಾಯಿತು. ದಿನಾಂಕ 26-1-1831ರಂದು ನಂದಗಡದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅವರ ಸಮಾಧಿಯ ಬಳಿ ಇರುವ ಆಲದ ಮರವನ್ನು ಸಂಗಡಿಗನೊಬ್ಬನು ನೆಟ್ಟನೆಂಬ ನಂಬಿಕೆ ಇದೆ. ಮಕ್ಕಳ ಭಾಗ್ಯವನ್ನು ಬೇಡಿ ಭಕ್ತರು ಈ ಮರಕ್ಕೆ ತೊಟ್ಟಿಲು ಕಟ್ಟುವ ಸಂಪ್ರದಾಯವಿದೆ.

ರಾಯಣ್ಣನವರ ಸ್ಮರಣಾರ್ಥ ರಾಜ್ಯ ಸರ್ಕಾರವು ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಿದೆ. ಸಂಗೊಳ್ಳಿಯ ಶಿಲ್ಪವನವನ್ನು 2024ರ ಜನವರಿಯಲ್ಲಿ ಲೋಕಾರ್ಪಣೆ ಮಾಡಲಾಯಿತು. ನಂದಗಡದಲ್ಲಿಯೂ ವಸ್ತುಸಂಗ್ರಹಾಲಯ ನಿರ್ಮಾಣದ ಕಾರ್ಯವನ್ನು ಕೈಗೊಳ್ಳಲಾಯಿತು.

ಬೆಳಗಾವಿ ನಗರದಿಂದ ಖಾನಾಪುರ ಮಾರ್ಗವಾಗಿ ನಂದಗಡವನ್ನು ತಲುಪಬಹುದಾಗಿದೆ. ಕೋಟೆಯ ಪತನದೊಂದಿಗೆ ಕಿತ್ತೂರಿನ ಯುದ್ಧವು ಮುಗಿಯಲಿಲ್ಲ. ಭೂಮಿಯನ್ನು ಕಳೆದುಕೊಂಡ ಸಾಮಾನ್ಯ ಜನರು ಅದನ್ನು ಈ ನೆಲದವರೆಗೆ ಮುಂದುವರಿಸಿದರು. ಸ್ಥಳಕ್ಕೆ ಭೇಟಿ ನೀಡುವ ಸಾರ್ವಜನಿಕರು ಈ ಅಂಶವನ್ನು ಗಮನಿಸಿ, ಸಮಾಧಿಯ ಆವರಣದ ಪಾವಿತ್ರ್ಯ ಮತ್ತು ಸ್ವಚ್ಛತೆಯನ್ನು ಕಾಪಾಡಲು ಸಹಕರಿಸಬೇಕಾಗಿ ಕೋರಲಾಗಿದೆ.